ಸ್ಪ್ರಿಂಗ್ ಇಳಿಸಿದ ಮೇಲೆ ಬಂದ ಸದ್ದು: ಮೊದಲು ಬಿಚ್ಚಿದ ಜಾಗ ನೋಡಿ

ಪ್ರಶ್ನೆ: ಅಣ್ಣಾರೆ, ನಮಸ್ಕಾರ. ನಮ್ದು ಗಂಗಾವತಿ. 2019ರ ಪೆಟ್ರೋಲ್ ಸ್ವಿಫ್ಟ್ ಐತಿ, 48,000 ಕಿಲೋಮೀಟರ್ ಓಡೈತಿ. ಎರಡು ತಿಂಗಳ ಹಿಂದೆ ನಾಲ್ಕೂ ಗಾಲಿಗೆ 35 ಮಿ.ಮೀ. ಇಳಿಯೋ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಶಾಕಪ್ ಮಾತ್ರ ಗಾಡಿ ಜೊತೆ ಬಂದವೇ. ಹಾಕಿಸಿದ ದಿನದಿಂದ್ಲೇ ಮೂರು ಥರ ಸದ್ದು. ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರ ಮುಂದೆ ಎಡಗಡೆ "ಟಣ್" ಅಂತೈತಿ. ಸಣ್ಣ ಸಣ್ಣ ತಗ್ಗಿನಾಗ ನಿಧಾನ ಹೋಗುವಾಗ ಮುಂದೆ "ಟಕ್ ಟಕ್". ಮನೆಮಂದಿ ಕುಂತಾಗ ಹಂಪ್ ದಾಟಿದ್ರ ಹಿಂದೆ "ಧಡ್". ಹಾಕಿದವ್ರು "ಹೊಸ ಸ್ಪ್ರಿಂಗ್ ಅಲ್ಲೇನ್ರಿ, ಸಾವಿರ ಕಿಲೋಮೀಟರ್ ಓಡಿಸ್ರಿ, ಸೆಟ್ ಆಕ್ಕೈತಿ" ಅಂದ್ರು. 1,800 ಓಡಿತು, ಸದ್ದು ಹಂಗೇ ಐತಿ. ಇನ್ನೊಬ್ಬ ಮೇಸ್ತ್ರಿ ಸ್ಟೇರಿಂಗ್ ರ‍್ಯಾಕು, ಎರಡೂ ಲೋವರ್ ಆರ್ಮು ಬದಲಿಸ್ಬೇಕು ಅಂತಾರ. ಏನು ಮಾಡ್ಲಿ?

ಉತ್ತರ: ತಮ್ಮಾ, ರ‍್ಯಾಕಿಗೆ ಈಗಲೇ ದುಡ್ಡು ಸುರಿಯಬೇಡಿ. ನೀವು ಬರೆದ ಮಾತಿನಲ್ಲೇ ಅರ್ಧ ಉತ್ತರ ಇದೆ: "ಹಾಕಿಸಿದ ದಿನದಿಂದ್ಲೇ." ರ‍್ಯಾಕ್ (ಸ್ಟೇರಿಂಗಿನ ತಿರುವನ್ನು ಗಾಲಿಗೆ ಮುಟ್ಟಿಸುವ ಹಲ್ಲಿನ ದಂಡ) ಸವೆಯುವುದು, ಆರ್ಮಿನ (ಗಾಲಿಯನ್ನು ಗಾಡಿಯ ಅಡಿಭಾಗಕ್ಕೆ ಹಿಡಿದಿಡುವ ಕೆಳತೋಳು) ಬುಷ್ ಹರಿಯುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. ಮುಂಜಾನೆ ಗಾಡಿ ಗ್ಯಾರೇಜಿಗೆ ಹೋಗುವಾಗ ಇಲ್ಲದ ಸದ್ದು ಸಂಜೆ ಹೊರಗೆ ಬರುವಾಗ ಇದೆ ಅಂದರೆ, ಆ ನಡುವಿನ ಹೊತ್ತಿನಲ್ಲಿ ಯಾವ ನಟ್ ಬಿಚ್ಚಿದರು, ಯಾವುದನ್ನು ಹೇಗೆ ಕೂರಿಸಿದರು ಅನ್ನುವುದನ್ನೇ ಮೊದಲು ನೋಡಬೇಕು. ಬಳ್ಳಾರಿಯಲ್ಲಿ 22 ವರ್ಷದಿಂದ ಸಸ್ಪೆನ್ಶನ್ ಕೆಲಸ ಮಾಡುತ್ತಿದ್ದೇನೆ. ಸ್ಪ್ರಿಂಗ್ ಇಳಿಸಿ ಸದ್ದು ಅಂತ ಬಂದ ಗಾಡಿಗಳಲ್ಲಿ ಸ್ಪ್ರಿಂಗೇ ಕೆಟ್ಟದ್ದು ಕಂಡದ್ದು ಕಡಿಮೆ. ಕೂರಿಸಿದ ರೀತಿ ತಪ್ಪಿರುತ್ತದೆ, ಇಲ್ಲವೇ ಆ ಸ್ಪ್ರಿಂಗಿಗೂ ಹಳೇ ಶಾಕಪ್ಪಿಗೂ ಜೋಡಿ ಕೂಡಿರುವುದಿಲ್ಲ.

"ಸೆಟ್ ಆಗುತ್ತದೆ" ಅನ್ನುವ ಮಾತಿನಲ್ಲಿ ಒಂದು ಚೂರು ಸತ್ಯ ಇದೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಒಂದೆರಡು ಮಿಲಿಮೀಟರ್ ಕೂರುತ್ತದೆ. ಕೂತರೆ ಗಾಡಿಯ ಎತ್ತರ ಅಷ್ಟು ಕಡಿಮೆ ಆಗುತ್ತದೆ, ಅಷ್ಟೇ. ಲೋಹಕ್ಕೆ ಲೋಹ ಬಡಿಯುವ ಸದ್ದು ಓಡಿಸಿದಷ್ಟೂ ಬಡಿಯುವ ಜಾಗವನ್ನು ಸವೆಸುತ್ತದೆಯೇ ಹೊರತು ತಾನಾಗಿ ಹೋಗುವುದಿಲ್ಲ. ಆದ್ದರಿಂದ ಇನ್ನೊಂದು ಸಾವಿರ ಓಡಿಸಿ ನೋಡೋಣ ಅನ್ನಬೇಡಿ.

ಜಾಕಿ ಹಚ್ಚುವ ಮೊದಲು ಎರಡು ಕೆಲಸ. ಡಿಕ್ಕಿ ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕಿ, ಪಾನಾ, ಹಿಂದಿನ ಟ್ರೇ ಎಲ್ಲವನ್ನೂ ಇಳಿಸಿ ಒಂದು ಸುತ್ತು ಹೋಗಿ ಬನ್ನಿ. ಸ್ಪ್ರಿಂಗ್ ಗಟ್ಟಿಯಾದಾಗ ಮೊದಲು ಮೆತ್ತಗಿದ್ದ ಹೊಡೆತಗಳೆಲ್ಲ ಗಾಡಿಯ ಬಾಡಿಯ ಮೇಲೆ ನೇರ ಬೀಳುತ್ತವೆ, ಅಲ್ಲಿಯವರೆಗೆ ಸುಮ್ಮನಿದ್ದ ಸಾಮಾನು ಮಾತಾಡಲು ಶುರು ಮಾಡುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಮುಂದಿನ ಎರಡೂ ಗಾಲಿಯ ಹಿಂದೆ ಟಾರ್ಚ್ ಹಿಡಿದು ಬ್ರೇಕ್ ಹೋಸು, ಎಬಿಎಸ್ ವೈರು ತಮ್ಮ ಕ್ಲಿಪ್ಪಿನಲ್ಲಿ ಕೂತಿವೆಯಾ ನೋಡಿ. ಶಾಕಪ್ ಇಳಿಸುವಾಗ ಅವನ್ನು ಬಿಚ್ಚಲೇಬೇಕು, ವಾಪಸ್ ಹಾಕುವಾಗ ಮರೆಯುವವರಿದ್ದಾರೆ. ಜೋತಾಡುವ ಹೋಸು ಸದ್ದು ಮಾಡದೆಯೇ ಟೈರಿಗೆ ಉಜ್ಜಿ ಒಂದು ದಿನ ಬ್ರೇಕ್ ಆಯಿಲ್ ಖಾಲಿ ಮಾಡುತ್ತದೆ.

ಈಗ "ಟಣ್"ಗೆ ಬರೋಣ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮೂರು ಸದ್ದುಗಳಲ್ಲಿ ಅತಿ ಸುಲಭಕ್ಕೆ ಸಿಗುವುದು ಇದು, ಅತಿ ಹೆಚ್ಚು ಜನ ತಪ್ಪು ಹಾದಿ ಹಿಡಿಯುವುದೂ ಇದರಲ್ಲೇ. ಸ್ಟೇರಿಂಗ್ ತಿರುಗಿಸಿದಾಗ ಬಂತು ಅಂದ ಕೂಡಲೇ ರ‍್ಯಾಕ್ ಅಂದುಬಿಡುತ್ತಾರೆ. ಆದರೆ ಸ್ವಿಫ್ಟಿನ ಮುಂದಿನ ಸಸ್ಪೆನ್ಶನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. ಅದರಲ್ಲಿ ಗಾಲಿ ತಿರುಗಿದರೆ ಶಾಕಪ್ಪಿನ ಕೊಳವೆಯೂ, ಅದರ ಮೇಲೆ ಕೂತ ಸ್ಪ್ರಿಂಗೂ ಗಾಲಿಯ ಜೊತೆಗೇ ತಿರುಗುತ್ತವೆ. ಬಾಡಿ ತಿರುಗುವುದಿಲ್ಲ. ತಿರುಗುವುದಕ್ಕೂ ತಿರುಗದಿರುವುದಕ್ಕೂ ನಡುವೆ, ಸ್ಪ್ರಿಂಗಿನ ಮೇಲ್ತಟ್ಟೆಗೂ ರಬ್ಬರ್ ಮೌಂಟಿಂಗಿಗೂ ಮಧ್ಯೆ, ಒಂದು ಚಪ್ಪಟೆ ಬೇರಿಂಗ್ ಇರುತ್ತದೆ. ಅದು ನುಣ್ಣಗೆ ಜಾರಿದರೆ ಸದ್ದಿಲ್ಲ. ಹಿಡಿದುಕೊಂಡರೆ ಸ್ಪ್ರಿಂಗಿನ ಮೇಲ್ತುದಿ ನಿಂತಲ್ಲೇ ನಿಲ್ಲುತ್ತದೆ, ಕೆಳತುದಿ ಗಾಲಿಯ ಜೊತೆ ತಿರುಗುತ್ತದೆ, ಸ್ಪ್ರಿಂಗ್ ಹಗ್ಗದಂತೆ ಹುರಿಗೊಳ್ಳುತ್ತದೆ. ಹಿಡಿತ ಸೋತ ಕ್ಷಣ "ಟಣ್" ಅಂತ ಬಿಟ್ಟುಕೊಂಡು ತನ್ನ ಜಾಗಕ್ಕೆ ಹಾರುತ್ತದೆ. ನಿಮ್ಮ ಸದ್ದು ಇದೇ ಅಂತ ನನ್ನ ಅಂದಾಜು.

ಖಾತ್ರಿ ಮಾಡಿಕೊಳ್ಳಲು ಇಬ್ಬರು ಬೇಕು. ಗಾಡಿ ಸಮ ನೆಲದ ಮೇಲೆ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ. ಒಬ್ಬರು ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಲಿ. ನೀವು ಎಡಗಡೆ ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಸ್ಪ್ರಿಂಗಿನ ಹೊರಮೈಗೆ ಅಂಗೈಯನ್ನು ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಬೆರಳು ಸುರುಳಿಗಳ ಸಂದಿಗೆ ಹೋಗಬಾರದು, ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಸದ್ದು ಬಂದ ಗಳಿಗೆಯಲ್ಲೇ ಅಂಗೈ ಕೆಳಗೆ ಸ್ಪ್ರಿಂಗ್ ಜಿಗಿದರೆ ತನಿಖೆ ಮುಗಿಯಿತು. ಆಮೇಲೆ ಬಾನೆಟ್ ಎತ್ತಿ, ಶಾಕಪ್ ಮೇಲ್ತುದಿಯ ಕ್ಯಾಪ್ ತೆಗೆದು, ನಡುವಿನ ನಟ್ಟಿನ ಮೇಲೆ ಬೆರಳಿಟ್ಟು ಅದೇ ಪರೀಕ್ಷೆ ಮಾಡಿ. ಅಲ್ಲೂ ಕುಟುಕಿದಂತೆ ಬಡಿತ ಸಿಕ್ಕರೆ ಮೌಂಟಿಂಗು ಅಥವಾ ಆ ನಟ್ಟು.

ಬೇರಿಂಗ್ ಹಿಡಿಯುವುದಕ್ಕೆ ಕಾರಣ ಬೇರೆ ಬೇರೆ. 48,000 ಕಿಲೋಮೀಟರ್ ಓಡಿದ ಬೇರಿಂಗನ್ನು ಒರೆಸಿ ಹಾಗೇ ಹಾಕಿರಬಹುದು. ನಿಮ್ಮ ಕಡೆ ರೈಸ್‌ಮಿಲ್ಲಿನ ಹೊಟ್ಟಿನ ಧೂಳು, ನಾಟಿ ಕಾಲದಲ್ಲಿ ಟ್ರ್ಯಾಕ್ಟರ್ ಗದ್ದೆಯಿಂದ ರಸ್ತೆಗೆ ಎಳೆದು ತರುವ ರಾಡಿ, ಎರಡೂ ಸೇರಿ ಆ ಬೇರಿಂಗಿನೊಳಗೆ ಸಿಮೆಂಟಿನಂತೆ ಕೂರುತ್ತವೆ. ಅಥವಾ ಬೇರಿಂಗು ತಲೆಕೆಳಗಾಗಿರಬಹುದು, ತಟ್ಟೆಗಳ ಕ್ರಮ ಹಿಂದುಮುಂದಾಗಿರಬಹುದು. ಇನ್ನೊಂದು ಕಾರಣಕ್ಕೆ ಬೇರಿಂಗಿನದು ತಪ್ಪೇ ಇರುವುದಿಲ್ಲ. ಕೆಳಗಿನ ತಟ್ಟೆಯಲ್ಲಿ ಸ್ಪ್ರಿಂಗಿನ ತುದಿ ಒರಗಿ ನಿಲ್ಲಲು ಒಂದು ಮೆಟ್ಟಿಲು ಕೊಟ್ಟಿರುತ್ತಾರೆ. ತುದಿ ಅದಕ್ಕೆ ತಾಗಿಕೊಂಡಿರಬೇಕು, ಹೆಚ್ಚೆಂದರೆ ಕೆಲವೇ ಮಿಲಿಮೀಟರ್ ಸಂದು.

ಸಿಂಧನೂರಿನಿಂದ ಬಂದ ಒಂದು ಗಾಡಿ ನೆನಪಾಗುತ್ತದೆ. ಬೇರೆ ಬೇರೆ ಕಡೆ ತೋರಿಸಿ, ರ‍್ಯಾಕ್ ಬದಲಿಸಿ, ಆರ್ಮ್ ಬದಲಿಸಿ ಬಂದಿದ್ದರು. "ಟಣ್" ಹಾಗೇ ಇತ್ತು. ಗಾಲಿ ಬಿಚ್ಚಿ ಟಾರ್ಚ್ ಹಿಡಿದೆ. ಕೆಳತಟ್ಟೆಯ ಮೇಲೆ ಧೂಳು, ಎಣ್ಣೆ, ಕಪ್ಪು ಬಣ್ಣ ಎಲ್ಲ ಇದ್ದವು. ಆದರೆ ಮೆಟ್ಟಿಲಿನಿಂದ ಎರಡು ಬೆರಳಗಲ ಆಚೆಗೆ ಅರ್ಧಚಂದ್ರದ ಹಾಗೆ ಒಂದು ಗೀರು, ಬೆಳ್ಳಿಯಂತೆ ಹೊಳೆಯುತ್ತಿತ್ತು. ಸ್ಪ್ರಿಂಗಿನ ತುದಿಯಲ್ಲೂ ಅಷ್ಟೇ ಅಗಲದ ಹೊಳಪು. ಪ್ರತಿ ಸಲ ಸ್ಟೇರಿಂಗ್ ತಿರುಗಿಸಿದಾಗ ತುದಿ ಆ ಗೀರಿನುದ್ದಕ್ಕೂ ಜಾರಿ ಹಿಂದಕ್ಕೆ ಬರುತ್ತಿತ್ತು. ಶಾಕಪ್ ಇಳಿಸಿ, ಸ್ಪ್ರಿಂಗ್ ತಿರುಗಿಸಿ, ತುದಿಯನ್ನು ಮೆಟ್ಟಿಲಿಗೆ ಕೂರಿಸಿ, ಹೊಸ ಬೇರಿಂಗ್ ಹಾಕಿದ ಮೇಲೆ ಸದ್ದು ನಿಂತಿತು. ನೀವು ನೋಡಬೇಕಾದದ್ದು ಆ ಥರದ ಹೊಳಪನ್ನೇ. ಸದ್ದು ಮಾಡುವ ಲೋಹ ತನ್ನ ಜಾಗವನ್ನು ತಾನೇ ಉಜ್ಜಿ ಗುರುತು ಮಾಡಿಟ್ಟಿರುತ್ತದೆ: ಒಂದೋ ಹೊಳೆಯುವ ಗೀರು, ಇಲ್ಲವೇ ನಟ್ಟಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ, ಇಲ್ಲವೇ ಬಣ್ಣದಲ್ಲಿ ಬಿಟ್ಟ ಬಿರುಕು.

ಮೇಲಿನ ನಟ್ಟಿನ ಬಗ್ಗೆ ಒಂದು ಮಾತು. ಶಾಕಪ್ ರಾಡು ತಾನೂ ತಿರುಗುವಂಥದ್ದು. ಇಂಪ್ಯಾಕ್ಟ್ ಗನ್ ಹಚ್ಚಿ "ಡರ್‌ರ್" ಅನ್ನಿಸಿದರೆ ನಟ್ಟಿನ ಜೊತೆ ರಾಡೂ ತಿರುಗುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ, ಆಗಿರುವುದಿಲ್ಲ. ರಾಡಿನ ತಲೆಯನ್ನು ಕೀಲಿಯಿಂದ ಹಿಡಿದು, ನಟ್ಟನ್ನು ಕೈಯಲ್ಲಿ ಬಿಗಿದು, ಕೊನೆಗೆ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಟಾರ್ಕ್ (ಬಿಗಿತ) ಕೊಡಬೇಕು. ಹಾಗೆ ಬಿಗಿಯದ ನಟ್ಟು ಸ್ಟೇರಿಂಗ್ ತಿರುಗಿಸಿದಾಗ ಟಣ್ ಅನ್ನಬಹುದು, ತಗ್ಗಿನಲ್ಲಿ ಟಕ್ ಟಕ್ ಅನ್ನಬಹುದು. ಅಂದರೆ ನಿಮ್ಮ ಎರಡು ಸದ್ದಿಗೂ ಒಂದೇ ನಟ್ಟು ಕಾರಣವಾಗಿರಬಹುದು.

ಈ ಶಾಕಪ್ ಅಸೆಂಬ್ಲಿಯನ್ನು ಬಿಚ್ಚುವ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಒಬ್ಬ ಹುಡುಗ, ನನ್ನ ವಾರಿಗೆಯವನು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರಿನ ಒಂದು ಕೊಕ್ಕೆ ಸರಿಯಾಗಿ ಹಿಡಿಯಿತೋ ಇಲ್ಲವೋ ನೋಡದೆ ನಟ್ ಬಿಚ್ಚಿದ. ಸ್ಪ್ರಿಂಗ್ ಸಿಡಿದು ದವಡೆಗೆ ಬಡಿಯಿತು. ಬಹಳ ದಿನ ಅವನು ಗಂಜಿ ಕುಡಿದೇ ಬದುಕಿದ. ಲೋವರಿಂಗ್ ಸ್ಪ್ರಿಂಗ್ ಗಿಡ್ಡ ಇದೆ, ಜಾಸ್ತಿ ಒತ್ತಬೇಕಾಗಿಲ್ಲ ಅಂತ ಕೆಲವರು ಕಂಪ್ರೆಸರ್ ಇಲ್ಲದೆಯೇ ಕೂರಿಸುತ್ತಾರೆ. ಅದನ್ನು ಕಂಡರೆ ಆ ಅಂಗಡಿಯಿಂದ ಗಾಡಿ ತೆಗೆದುಕೊಂಡು ಬಂದುಬಿಡಿ.

ಎರಡನೆಯದು, ಸಣ್ಣ ತಗ್ಗಿನ "ಟಕ್ ಟಕ್". ಮೇಲಿನ ನಟ್ಟು ಸರಿ ಇದೆ ಅಂತಾದರೆ ನನ್ನ ಕೈ ಮೊದಲು ಹೋಗುವುದು ಸ್ಟೆಬಿಲೈಸರ್ ಲಿಂಕಿಗೆ, ನಮ್ಮ ಗ್ಯಾರೇಜಿನ ಮಾತಿನಲ್ಲಿ ಜಂಪಿಂಗ್ ರಾಡಿಗೆ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಬಾರನ್ನು ಶಾಕಪ್ಪಿಗೆ ಜೋಡಿಸುವ ಸಣ್ಣ ಕಡ್ಡಿ ಇದು. ಶಾಕಪ್ ಇಳಿಸುವಾಗ ಇದನ್ನು ಬಿಚ್ಚಿರುತ್ತಾರೆ. ಇದರ ಬೋಲ್ಟಿಗೂ ಅದೇ ಚಾಳಿ, ನಟ್ಟಿನ ಜೊತೆ ತಾನೂ ತಿರುಗುತ್ತದೆ. ಜೊತೆಗೆ ಗಾಡಿ 35 ಮಿ.ಮೀ. ಇಳಿದಾಗ ಲಿಂಕಿನ ಕೋನ ಬದಲಾಗಿ, ಒಳಗಿನ ಗುಂಡು ಇಷ್ಟು ವರ್ಷ ಉಜ್ಜದ ಕಡೆ ಉಜ್ಜಲು ಶುರು ಮಾಡುತ್ತದೆ. ಮೊದಲೇ ಸವೆದಿದ್ದ ಲಿಂಕು ಅಲ್ಲಿಯವರೆಗೆ ಸುಮ್ಮನಿದ್ದದ್ದು ಈಗ ಸದ್ದು ಮಾಡುತ್ತದೆ. ಪರೀಕ್ಷೆ ಸರಳ: ಎರಡೂ ಕಡೆಯ ಲಿಂಕನ್ನು ಬಿಚ್ಚಿ, ಸ್ಟೆಬಿಲೈಸರ್ ಬಾರು ಎಲ್ಲೂ ತಗಲದಂತೆ ಕಟ್ಟಿ, ಖಾಲಿ ಓಣಿಯಲ್ಲಿ 20ರ ವೇಗದಲ್ಲಿ ಅದೇ ತಗ್ಗುಗಳ ಮೇಲೆ ಓಡಿಸಿ. ಲಿಂಕ್ ಇಲ್ಲದ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ, ಆದ್ದರಿಂದ ಮೇನ್ ರೋಡಿಗೆ ಹೋಗಬೇಡಿ. ಸದ್ದು ಮಾಯವಾದರೆ ಎರಡೂ ಲಿಂಕ್ ಹೊಸದು ಹಾಕಿಸಿ. ರ‍್ಯಾಕಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹೋಗದಿದ್ದರೆ ಶಾಕಪ್ಪನ್ನು ಗಾಲಿಯ ನಕಲ್‌ಗೆ (ಗಾಲಿಯನ್ನು ಹೊತ್ತು ನಿಲ್ಲುವ ಲೋಹದ ತುಂಡು) ಹಿಡಿದಿರುವ ಎರಡು ದಪ್ಪ ಬೋಲ್ಟ್ ನೋಡಿ. ಅವು ಸಡಿಲ ಇದ್ದರೆ ಬ್ರೇಕ್ ಹಿಡಿದಾಗ, ಗಾಡಿ ಹೊರಟಾಗ ಒಂದೊಂದೇ "ಟಕ್" ಬರುತ್ತದೆ. ಇದಕ್ಕೆ ತಡ ಮಾಡುವ ಹಾಗಿಲ್ಲ, ಗಾಲಿಯ ನಿಲುವೇ ಆ ಎರಡು ಬೋಲ್ಟಿನ ಮೇಲಿದೆ.

ಇಷ್ಟೆಲ್ಲ ಆದಮೇಲೆ ರ‍್ಯಾಕ್. ಎಂಜಿನ್ ಬಂದ್ ಮಾಡಿ, ಗಾಡಿ ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ನಾಲ್ಕು ಬೆರಳಗಲ ಅತ್ತಿತ್ತ ಚಕಚಕ ಅಲ್ಲಾಡಿಸಲಿ. ಇನ್ನೊಬ್ಬರು ಟೈ ರಾಡಿನ (ಸ್ಟೇರಿಂಗ್ ರ‍್ಯಾಕನ್ನು ಗಾಲಿಗೆ ಜೋಡಿಸುವ ಕಡ್ಡಿ) ಒಳಗಿನ ಕೀಲಿನ ಮೇಲೆ, ಆಮೇಲೆ ಹೊರಗಿನ ಕೀಲಿನ ಮೇಲೆ ಕೈಯಿಡಲಿ. ಅಲ್ಲಿ ಆಟ (ಸಡಿಲ) ಸಿಕ್ಕರೆ ಆ ಮೇಸ್ತ್ರಿ ಹೇಳಿದ್ದು ನಿಜ, ಆಗ ಅವರ ಮಾತು ಕೇಳಿ. ಗಾಡಿ ಇಳಿದಾಗ ಟೈ ರಾಡಿನ ಕೋನವೂ ಬದಲಾಗುತ್ತದೆ, ಹಳೇ ಸವೆತ ಹೊಸದಾಗಿ ಕೇಳಿಸಬಹುದು. ಆದರೆ ಕೈಗೆ ಆಟ ಸಿಗದೆ ಬಿಲ್ ಬರೆಯಲು ಬಿಡಬೇಡಿ.

ಲೋವರ್ ಆರ್ಮ್ ಬಗ್ಗೆ ನಾನು ಹೇಳಬೇಕಾದ್ದು ಬೇರೆಯೇ ಇದೆ. ನನಗೆ ಬಹಳ ಕಾಳಜಿ ಇರುವ ವಿಷಯ ಇದು, ಯಾಕೆಂದರೆ ಚೆನ್ನಾಗಿ ಕೆಲಸ ಬಲ್ಲವರೂ ಇದನ್ನು ಬಿಡುತ್ತಾರೆ. ಆರ್ಮಿನ ಬುಷ್ ಅಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಒಳಗಿನ ಕೊಳವೆಯನ್ನು ಬೋಲ್ಟು ಹಿಡಿದು ನಿಲ್ಲಿಸುತ್ತದೆ, ಹೊರಗಿನದು ಆರ್ಮಿನ ಜೊತೆ ತಿರುಗುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಅಲ್ಲಿ ಏನೂ ಜಾರುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸ್ ಬರುತ್ತದೆ. ಹಾಗಾಗಿ ಬೋಲ್ಟ್ ಬಿಗಿದ ಗಳಿಗೆಯಲ್ಲಿ ಆರ್ಮ್ ಯಾವ ಎತ್ತರದಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಜಾಗ. ಕಂಪನಿಯಲ್ಲಿ ಅದನ್ನು ಗಾಡಿಯ ಮಾಮೂಲಿ ಎತ್ತರಕ್ಕೆ ಬಿಗಿದಿರುತ್ತಾರೆ. ಈಗ ನೀವು 35 ಮಿ.ಮೀ. ಇಳಿಸಿದಿರಿ. ಆರ್ಮ್ 350 ಮಿ.ಮೀ. ಉದ್ದ ಅಂತ ಇಟ್ಟುಕೊಂಡರೆ ಅದು ಸುಮಾರು 6 ಡಿಗ್ರಿ ತಿರುಗಿದ ಹಾಗಾಯಿತು. ಆ 6 ಡಿಗ್ರಿ ತಿರುಚನ್ನು ರಬ್ಬರು ಗಾಡಿ ಶೆಡ್ಡಿನಲ್ಲಿ ನಿಂತಾಗಲೂ ಹೊತ್ತುಕೊಂಡೇ ಇರುತ್ತದೆ. ತಗ್ಗಿಗೆ ಬಿದ್ದಾಗಿನ ತಿರುಚು ಅದರ ಮೇಲೆ. ಮೊದಲು "ಕಿರ್" ಅನ್ನುತ್ತದೆ, ಬೇಸಿಗೆಯಲ್ಲಿ ನಮ್ಮ 40 ಡಿಗ್ರಿ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ, ಆಮೇಲೆ ನಿಜವಾಗಿಯೂ ಹರಿದು ಬಡಿಯುತ್ತದೆ. ಆಗ ಹೊಸ ಆರ್ಮ್ ಹಾಕುತ್ತಾರೆ, ಅದನ್ನೂ ಗಾಲಿ ಗಾಳಿಯಲ್ಲಿ ಜೋತುಬಿದ್ದಾಗಲೇ ಬಿಗಿಯುತ್ತಾರೆ. ಹೊಸ ಬುಷ್ಷು ಹಳೆಯದಕ್ಕಿಂತ ಬೇಗ ಹೋಗುತ್ತದೆ.

ಮಾಡಬೇಕಾದದ್ದು ಇಷ್ಟು. ಗಾಡಿಯ ನಾಲ್ಕೂ ಗಾಲಿಯ ಮೇಲೆ ಪೂರ್ತಿ ಭಾರ ಇರಬೇಕು. ಗಾಲಿ ನಿಲ್ಲುವಂಥ ರ‍್ಯಾಂಪು ಅಥವಾ ಗುಂಡಿ ಇರುವ ಗ್ಯಾರೇಜಿಗೆ ಹೋಗಿ. ಆರ್ಮಿನ ಬುಷ್ ಬೋಲ್ಟುಗಳನ್ನು ಸಡಿಲಿಸಿ, ಬಂಪರ್ ಹಿಡಿದು ನಾಲ್ಕು ಸಲ ಕುಣಿಸಿ, ಅದು ತಾನಾಗಿ ನಿಂತ ಎತ್ತರದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಸಿ. ಹಿಂದಿನ ಎರಡು ಗಾಲಿಗಳನ್ನು ಜೋಡಿಸುವ ಬೀಮಿನ ಬುಷ್ಷಿಗೂ ಹೀಗೇ. ಒಂದೂ ಬಿಡಿಭಾಗ ಬೇಡ, ಅರ್ಧ ಗಂಟೆ ಕೂಲಿ. ಬಿಗಿಯುವ ಮೊದಲು ಟಾರ್ಚ್ ಹಿಡಿದು ರಬ್ಬರ್ ನೋಡಿ. ಉಗುರು ಹೋಗುವಷ್ಟು ಬಿರುಕಿದ್ದರೆ ಮಾತ್ರ ಬದಲಿಸುವ ಮಾತು.

ಇನ್ನು ಹಿಂದಿನ "ಧಡ್". ಇದರಲ್ಲಿ ನನಗೆ ಬೇಕಾದ ಒಂದು ಸಂಗತಿ ನಿಮ್ಮ ಪ್ರಶ್ನೆಯಲ್ಲಿಲ್ಲ: ಹಿಂದಿನ ಗಾಲಿ ಹಂಪ್ ಹತ್ತುವಾಗ ಬರುತ್ತದೋ, ಇಳಿಯುವಾಗ ಬರುತ್ತದೋ? ಎರಡಕ್ಕೂ ರೋಗ ಬೇರೆ, ಮದ್ದು ಬೇರೆ.

ಹತ್ತುವಾಗ ಬಂದರೆ ಬಂಪ್ ಸ್ಟಾಪರ್. ಸಸ್ಪೆನ್ಶನ್ ಪೂರ್ತಿ ಒತ್ತಿಕೊಂಡಾಗ ಲೋಹಕ್ಕೆ ಲೋಹ ಬಡಿಯದಿರಲಿ ಅಂತ ಇಟ್ಟ ರಬ್ಬರಿನ ಗುಪ್ಪೆ ಅದು. ಸ್ಪ್ರಿಂಗಿನ ಒಳಗೋ ಶಾಕಪ್ ರಾಡಿನ ಮೇಲೋ ಇರುತ್ತದೆ. ಲೆಕ್ಕ ಹೀಗೆ ಹಿಡಿಯಿರಿ: ಖಾಲಿ ಗಾಡಿಯಲ್ಲಿ ಮೊದಲು ಸ್ಟಾಪರ್ ಮುಟ್ಟಲು 70 ಮಿ.ಮೀ. ದೂರ ಇತ್ತು ಅಂದರೆ ಈಗ ಉಳಿದದ್ದು 35. ಅರ್ಧ ದೂರದಲ್ಲಿ ಅದೇ ಹೊಡೆತವನ್ನು ತಡೆಯಬೇಕಾದರೆ ಸರಾಸರಿ ಎರಡು ಪಟ್ಟು ಬಲ ಬೇಕು. ಸ್ಪ್ರಿಂಗ್ ಅಷ್ಟು ಗಟ್ಟಿ ಇರುವುದಿಲ್ಲ, ಹಾಗಿದ್ದರೆ ಮನೆಯವರು ಕೂರುತ್ತಲೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿಯಲ್ಲಿ ಅಕ್ಕಿ ಚೀಲ ಇಟ್ಟರೆ ಆ 35ರಲ್ಲೂ ಅರ್ಧ ಹೋಗಿರುತ್ತದೆ. ಸ್ಟಾಪರಿನ ತುದಿಗೆ ಸೀಮೆಸುಣ್ಣ ದಪ್ಪಗೆ ಬಳಿದು, ಮನೆಮಂದಿಯನ್ನು ಕೂರಿಸಿಕೊಂಡು ಅದೇ ಹಂಪ್ ದಾಟಿ ಬಂದು ನೋಡಿ. ಸುಣ್ಣ ಅಳಿಸಿ ಎದುರಿನ ತಟ್ಟೆಗೆ ಮೆತ್ತಿದ್ದರೆ ಸದ್ದು ಅಲ್ಲಿಯದೇ. ಕೆಲವು ಕಿಟ್ಟುಗಳ ಜೊತೆ ಸ್ಟಾಪರನ್ನು ಎಷ್ಟು ಕತ್ತರಿಸಬೇಕು ಅಂತ ಚೀಟಿ ಕೊಟ್ಟಿರುತ್ತಾರೆ, ಅಷ್ಟೇ ಕತ್ತರಿಸಬೇಕು. ಚೀಟಿ ಇಲ್ಲದೆ ಕತ್ತರಿಸಿದರೆ, ಅಥವಾ ಸದ್ದು ಹೋಗಲಿ ಅಂತ ತೆಗೆದೇ ಬಿಟ್ಟರೆ, ಮುಂದಿನ ಹೊಡೆತ ಶಾಕಪ್ಪಿನ ಒಳಗೇ ಬೀಳುತ್ತದೆ.

ಇಳಿಯುವಾಗ ಬಂದರೆ ನಾನು ಜಾಸ್ತಿ ಹೆದರುತ್ತೇನೆ. ಗಾಲಿ ಹಂಪಿನ ಆಚೆ ಕೆಳಗೆ ಬೀಳುವಾಗ ಸಸ್ಪೆನ್ಶನ್ ಪೂರ್ತಿ ಚಾಚಿಕೊಳ್ಳುತ್ತದೆ. ಎಷ್ಟು ಚಾಚಬೇಕು ಅನ್ನುವುದನ್ನು ನಿಮ್ಮ ಹಳೇ, ಉದ್ದದ ಶಾಕಪ್ ತೀರ್ಮಾನಿಸುತ್ತದೆ. ಸ್ಪ್ರಿಂಗು ಗಿಡ್ಡ. ಸ್ವಿಫ್ಟಿನ ಹಿಂಭಾಗದಲ್ಲಿ ಸ್ಪ್ರಿಂಗು, ಶಾಕಪ್ಪು ಬೇರೆ ಬೇರೆ ಜಾಗದಲ್ಲಿವೆ, ಸ್ಪ್ರಿಂಗನ್ನು ಹಿಡಿದಿಡುವುದು ಅದರ ಮೇಲಿನ ಒತ್ತಡ ಮಾತ್ರ. ಪೂರ್ತಿ ಚಾಚಿದಾಗ ಆ ಒತ್ತಡ ಸೊನ್ನೆಯಾದರೆ ಸ್ಪ್ರಿಂಗ್ ತಟ್ಟೆಯಿಂದ ಎದ್ದು, ಗಾಡಿ ಕೂತಾಗ "ಧಡ್" ಅಂತ ಮತ್ತೆ ಕೂರುತ್ತದೆ. ಒಂದು ದಿನ ಓರೆಯಾಗಿ ಕೂತರೆ ಸಿಡಿದು ಹೊರಗೆ ಬರಲೂಬಹುದು. ಗಾಡಿಯನ್ನು ಬಾಡಿಯ ಜಾಕಿ ಪಾಯಿಂಟಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಗಾಲಿ ಪೂರ್ತಿ ಜೋತುಬೀಳಲಿ. ಸ್ಪ್ರಿಂಗನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿ. ಅಲುಗಬಾರದು. ಬಳೆಯಂತೆ ತಿರುಗಿದರೆ ಆ ಸ್ಪ್ರಿಂಗಿಗೆ ತಕ್ಕ ಗಿಡ್ಡ ಶಾಕಪ್ ಹಾಕಿಸಿ, ಇಲ್ಲವೇ ಸ್ಪ್ರಿಂಗ್ ತೆಗೆಸಿ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯಬೇಡಿ. ಗಟ್ಟಿ ಕೂತಿದೆಯಾ? ಹಾಗಾದರೆ ಮೇಲಿನ, ಕೆಳಗಿನ ರಬ್ಬರ್ ಸೀಟು ಇವೆಯಾ, ತಲೆಕೆಳಗಾಗಿವೆಯಾ ನೋಡಿ. ಹಳೇ ಸ್ಪ್ರಿಂಗಿನ ಜೊತೆ ರಬ್ಬರೂ ಕಸಕ್ಕೆ ಹೋದದ್ದನ್ನು ಕಂಡಿದ್ದೇನೆ.

ನಮ್ಮ ಹಂಪುಗಳ ಬಗ್ಗೆಯೂ ಒಂದು ಲೆಕ್ಕ ಕೊಡುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಸ್ವಿಫ್ಟಿನ ಎರಡು ಗಾಲಿಗಳ ನಡುವೆ 2.45 ಮೀಟರ್. ಅಂಥ ಹಂಪಿನ ನೆತ್ತಿಯ ಮೇಲೆ ಗಾಡಿ ನಡುಮಧ್ಯ ನಿಂತರೆ ನಾಲ್ಕೂ ಗಾಲಿ ಹಂಪಿನ ಮೇಲೇ ಇರುತ್ತವೆ, ನೆತ್ತಿ ಗಾಲಿಗಳಿಗಿಂತ ಸುಮಾರು 44 ಮಿ.ಮೀ. ಮಾತ್ರ ಮೇಲಿರುತ್ತದೆ. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 163, ಈಗ 128. ಆರಾಮಾಗಿ ದಾಟುತ್ತದೆ. ಆದರೆ ಊರ ಬಾಗಿಲಲ್ಲಿ ಒಂದು ಪುಟ್ಟಿ ಡಾಂಬರು ಸುರಿದು ಮಾಡಿದ ಹಂಪ್ ಒಂದೇ ಮೀಟರ್ ಅಗಲ, ಗೇಣುದ್ದ ಎತ್ತರ. ಅದರ ಮೇಲೆ ಗಾಲಿಗಳು ಎರಡೂ ಬದಿ ನೆಲಕ್ಕಿಳಿದಿರುತ್ತವೆ, ಪೂರ್ತಿ ಎತ್ತರವೇ ಹೊಟ್ಟೆಯ ಕೆಳಗೆ ಬರುತ್ತದೆ. ಅಂಥಲ್ಲಿ ಬಂದ ಸದ್ದು ಸಸ್ಪೆನ್ಶನ್ನಿನದೇ ಅಲ್ಲದಿರಬಹುದು. ಸೈಲೆನ್ಸರ್ ಪೈಪಿನ ಕೆಳಮೈಯಲ್ಲಿ ಹೊಸ ಗೀರುಗಳಿವೆಯಾ ಅಂತ ಮಲಗಿ ನೋಡಿ. ಗಂಗಾವತಿಯಿಂದ ಕಂಪ್ಲಿ ದಾಟಿ ಬಳ್ಳಾರಿಗೆ ಬರುವ ದಾರಿಯಂತೂ ಎರೆಭೂಮಿಯ ಮೇಲಿನದು. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಡಾಂಬರನ್ನು ಅಲೆಯಲೆ ಮಾಡುತ್ತದೆ. ಆ ಅಲೆಯಲ್ಲಿ ವೇಗ ಜಾಸ್ತಿ ಇದ್ದರೆ ಹಂಪಿಲ್ಲದೆಯೂ ಸ್ಟಾಪರ್ ಮುಟ್ಟುತ್ತದೆ.

ಹಳೇ ಶಾಕಪ್ಪಿಗೆ ಎಣ್ಣೆ ಜಿನುಗಿದೆಯಾ ಅಂತ ಬೆರಳಾಡಿಸಿ ನೋಡಿ. ಒಣ ಧೂಳಿದ್ದರೆ ಸರಿ. ಧೂಳು ಕೆಸರಿನಂತೆ ಮೆತ್ತಿಕೊಂಡಿದ್ದರೆ ಅದರ ಆಯುಷ್ಯ ಮುಗಿದಿದೆ, ಜೋಡಿಯಾಗಿ ಬದಲಿಸಿ. ಗಟ್ಟಿ ಸ್ಪ್ರಿಂಗಿನ ಕುಣಿತವನ್ನು ಹಿಡಿಯುವ ಶಕ್ತಿ ಮೊದಲೇ ಆ ಶಾಕಪ್ಪಿಗೆ ಕಡಿಮೆ.

ಸ್ಪ್ರಿಂಗಿನ ತುದಿಯನ್ನೂ ಒಮ್ಮೆ ನೋಡಿ. ಕಾರ್ಖಾನೆಯ ತುದಿ ನೀಟಾಗಿ, ಬಣ್ಣ ಬಳಿದದ್ದು ಇರುತ್ತದೆ, ಮೈಮೇಲೆ ಪಾರ್ಟ್ ನಂಬರ್ ಇರುತ್ತದೆ. ತುದಿಯಲ್ಲಿ ಗ್ರೈಂಡರಿನ ಹಲ್ಲು ಕಂಡರೆ, ಅಥವಾ ಒಂದು ಕಡೆ ಬಣ್ಣ ಸುಟ್ಟು ಉಕ್ಕು ನೀಲಿಗಟ್ಟಿದ್ದರೆ, ನಿಮಗೆ ಲೋವರಿಂಗ್ ಸ್ಪ್ರಿಂಗ್ ಅಂತ ಹೇಳಿ ಕತ್ತರಿಸಿದ ಸ್ಪ್ರಿಂಗ್ ಕೊಟ್ಟಿದ್ದಾರೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಬಿರುಸು ಐದನೇ ಒಂದು ಪಾಲು ಏರುತ್ತದೆ, ಆದರೆ ತುದಿ ಮೆಟ್ಟಿಲಿಗೆ ಕೂರುವ ಆಕಾರವೇ ಹೋಗಿರುತ್ತದೆ. ಬೆಂಕಿ ತೋರಿಸಿ ಇಳಿಸಿದ್ದಾದರೆ ಉಕ್ಕಿನ ಹದವೇ ಸತ್ತಿರುತ್ತದೆ, ಎಲ್ಲಿ ಬೇಕಾದರೂ ಮುರಿಯಬಹುದು. ಆ ಎರಡರಲ್ಲಿ ಯಾವುದಾದರೂ ಇದ್ದರೆ ಮೇಲೆ ಬರೆದ ಯಾವ ಪರೀಕ್ಷೆಯೂ ಬೇಡ, ಕಂಪನಿ ಸ್ಪ್ರಿಂಗ್ ವಾಪಸ್ ಹಾಕಿಸಿ.

ಕಾನೂನಿನ ಮಾತೂ ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯನ್ನು ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸಜೆಗೂ ಅವಕಾಶ ಇಟ್ಟಿದ್ದಾರೆ. ಹೊಸಪೇಟೆಯ ಕಡೆ ಆರ್‌ಟಿಒ ಹಿಡಿದಾಗ ಕೇಳುವ ಬದಲು ಈಗಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಹೇಳದೆ ಇಟ್ಟ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತೊಂದರೆ ಕೊಡುತ್ತದೆ. ಹಳೇ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ, ಗ್ರೀಸ್ ಸವರಿ ಮನೆಯಲ್ಲಿಡಿ.

ಈಗ ಕೆಲಸಕ್ಕೆ ಹೊರಡುವುದಾದರೆ ಹಿಂದಿನ ಸ್ಪ್ರಿಂಗ್ ಜೋತುಬಿದ್ದಾಗ ಅಲುಗುತ್ತದಾ ಅನ್ನುವುದರಿಂದ ಶುರು ಮಾಡಿ, ಯಾಕೆಂದರೆ ಅಪಾಯ ಇರುವುದು ಅಲ್ಲಿ. ಆಮೇಲೆ ಎಡ ಮುಂಭಾಗದ ಸ್ಪ್ರಿಂಗಿನ ಮೇಲೆ ಅಂಗೈ, ಮೇಲಿನ ನಟ್ಟು, ಲಿಂಕು, ಆ ಎರಡು ದಪ್ಪ ಬೋಲ್ಟು. ಶಾಕಪ್ ಹೇಗೂ ಇಳಿಸುವುದಾದರೆ ಎರಡೂ ಕಡೆ ಹೊಸ ಬೇರಿಂಗ್ ಹಾಕಿಸಿ, ಒಂದೇ ಕಡೆ ಬೇಡ. ಸ್ಪ್ರಿಂಗ್ ಹಾಕಿದ ಅಂಗಡಿಗೇ ಹೋಗಿ ಕೇಳಿ, ಕೂರಿಸಿದ್ದು ಅವರು, ಸರಿ ಮಾಡಿಕೊಡುವ ಹೊಣೆಯೂ ಅವರದೇ. ಬುಷ್ ಬೋಲ್ಟುಗಳನ್ನು ಬಿಗಿಸುವುದು ಕೊನೆಗೆ, ಎಲ್ಲ ಕೂತ ಮೇಲೆ. ಅದಾದ ಮೇಲೆಯೇ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಮುಂದಿನ ಗಾಲಿಗಳ ಟೋ (ಗಾಲಿಗಳು ಒಳಗೋ ಹೊರಗೋ ಮುಖ ಮಾಡುವ ಕೋನ) ಬದಲಾಗುತ್ತದೆ, ನೀವು ಈ 1,800 ಕಿಲೋಮೀಟರನ್ನು ಅಲೈನ್‌ಮೆಂಟ್ ಇಲ್ಲದೆ ಓಡಿಸಿದ್ದರೆ ಮುಂದಿನ ಟೈರುಗಳ ಒಳ ಅಂಚಿಗೆ ಇವತ್ತೇ ಕೈಯಾಡಿಸಿ ನೋಡಿ. ಹೆಡ್‌ಲೈಟಿನ ಎತ್ತರವನ್ನೂ ಅಲ್ಲೇ ಸರಿ ಮಾಡಿಸಿ. 500 ಕಿಲೋಮೀಟರ್ ಆದ ಮೇಲೆ ಬಿಚ್ಚಿ ಹಾಕಿದ ಪ್ರತಿ ನಟ್ಟಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಇಡಿಸಿ. ಹಿಂದಿನ ಸದ್ದು ಹತ್ತುವಾಗಿನದೋ ಇಳಿಯುವಾಗಿನದೋ ಅಂತ ಗೊತ್ತಾದ ಕೂಡಲೇ ನನಗೆ ಬರೆಯಿರಿ.